ಟಿಗ್ ವೆಲ್ಡಿಂಗ್ ಬಟನ್ ಒತ್ತಿದರೆ ಪಕ್ಕದವರ ಲೇತ್ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಗಾಲಾ (ವರ್ಕ್‌ಶಾಪ್ ಶೆಡ್) ಇದೆ. ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್, ಟ್ಯಾಂಕ್ ಕೆಲಸ ಮಾಡುತ್ತೇವೆ. ಹೊಸದಾಗಿ 200 ಆಂಪಿಯರ್ ಟಿಗ್ (ಟಂಗ್ಸ್ಟನ್ ಕಡ್ಡಿಯ ಆರ್ಕಿನಿಂದ ವೆಲ್ಡ್ ಮಾಡುವ) ಮಷಿನ್ ತಂದೆ. ಟಾರ್ಚ್ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿಕೆ) ಬಟನ್ ಒತ್ತಿದ ಕೂಡಲೇ ಪಕ್ಕದ ಗಾಲಾದ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಅಲಾರ್ಮ್ ಹೊಡೆದು ನಿಂತುಬಿಡುತ್ತದೆ. ಆರ್ಕ್ ಹತ್ತಿದ ಮೇಲೆ ಏನೂ ತೊಂದರೆ ಇಲ್ಲ. ಮಷಿನ್ ಬಾಗಿಲ ಹತ್ತಿರ ಇದೆ, ಜಾಬ್ (ವೆಲ್ಡ್ ಮಾಡುವ ತುಂಡು) ಒಳಗಡೆ. ಅರ್ಥಿಂಗ್ ಕ್ಲಾಂಪನ್ನು (ವೆಲ್ಡಿಂಗ್ ಕರೆಂಟ್ ವಾಪಸು ಬರುವ ಕೇಬಲ್ಲಿನ ಹಿಡಿಕೆ) ಶೆಡ್ಡಿನ ಕಂಬಕ್ಕೆ ಹಾಕಿದ್ದೇನೆ. ಮೇನ್ ಲೈನಿನ ಅರ್ತ್ ತಂತಿ ತೆಗೆದುಬಿಡಿ, ಸರಿಹೋಗುತ್ತದೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾನೆ. ಪಕ್ಕದವರು ದಿನಾ ಜಗಳಕ್ಕೆ ಬರುತ್ತಾರೆ.
(ಪುಣೆಯ ಓದುಗರು)

ಉತ್ತರ: ಮೊದಲು ಆ ಅರ್ತ್ ತಂತಿಯ ವಿಷಯ. ದಯವಿಟ್ಟು ಅದನ್ನು ಮುಟ್ಟಬೇಡಿ. ಮಷಿನ್ನಿನ ಹೊರಗಿನ ತಗಡಿಗೆ ಕರೆಂಟ್ ಇಳಿದ ದಿನ ನಿಮ್ಮ ಹುಡುಗರ ಜೀವ ಉಳಿಸುವುದು ಅದೇ ತಂತಿ. ಮಷಿನ್ ಒಳಗೆ ವಿದ್ಯುತ್ ಗಲಾಟೆಯನ್ನು ತಡೆಯುವ ಫಿಲ್ಟರ್ ಕೆಲಸ ಮಾಡುವುದಕ್ಕೂ ಅದು ಬೇಕು. ತೆಗೆದರೆ ಆ ಗಲಾಟೆ ಹೆಚ್ಚಾಗಬಹುದೇ ಹೊರತು ಕಡಿಮೆಯಾಗುವ ಭರವಸೆಯಿಲ್ಲ.

ಆರ್ಕ್ ಹತ್ತಿದ ಮೇಲೆ ತೊಂದರೆ ಇಲ್ಲ ಅಂತ ಬರೆದಿದ್ದೀರಲ್ಲ, ಕಳ್ಳ ಅಲ್ಲೇ ಸಿಕ್ಕ. ಟಂಗ್ಸ್ಟನ್ ಜಾಬಿಗೆ ತಾಗದೆಯೇ ಕಿಡಿ ಹಾರಬೇಕಾದರೆ ಮಷಿನ್ ಕ್ಷಣಕಾಲ ಸಾವಿರಾರು ವೋಲ್ಟಿನ ಹೈ ಫ್ರೀಕ್ವೆನ್ಸಿ ಬಿಡುತ್ತದೆ. ನಾವು ಅದನ್ನು ಎಚ್‌ಎಫ್ ಅನ್ನುತ್ತೇವೆ. ಆ ಗಳಿಗೆಯಲ್ಲಿ ಟಾರ್ಚ್ ಕೇಬಲ್ಲು, ವಾಪಸು ಬರುವ ಕೇಬಲ್ಲು ಎರಡೂ ಸೇರಿ ರೇಡಿಯೋ ಏರಿಯಲ್ ಆಗುತ್ತವೆ. ಇವೆರಡರ ನಡುವಿನ ಜಾಗ ದೊಡ್ಡದಾದಷ್ಟೂ ಹೊರಗೆ ಹರಡುವುದು ಜಾಸ್ತಿ.

ಈಗ ನಿಮ್ಮ ಗಾಲಾ ನೋಡಿ. ಟಾರ್ಚ್ ಕೇಬಲ್ ಬಹುಶಃ ಒಂದು ಗೋಡೆಯ ಕಡೆಯಿಂದ ಹೋಗಿರುತ್ತದೆ. ಕರೆಂಟ್ ವಾಪಸು ಬರುವುದು ಕಂಬದಿಂದ. ಆ ಕಂಬಕ್ಕೂ ಜಾಬಿಗೂ ನಡುವೆ ಬಹುಶಃ ನೆಲದ ಮೇಲೊಂದು ಎಂಎಸ್ (ಸಾದಾ ಉಕ್ಕಿನ) ಪಟ್ಟಿ ಬಿದ್ದಿರುತ್ತದೆ, ಅಲ್ವಾ? ಪಿಂಪ್ರಿ-ಚಿಂಚವಡದಲ್ಲಿ ವೆಲ್ಡಿಂಗ್ ಮಷಿನ್ ರಿಪೇರಿಗೆ ಹೋದ ಕಡೆಯೆಲ್ಲ ನಾನು ಇದನ್ನೇ ನೋಡುತ್ತಾ ಬಂದಿದ್ದೇನೆ. ಇಡೀ ಶೆಡ್ಡೇ ಏರಿಯಲ್ ಆಗಿರುತ್ತದೆ. ಪಕ್ಕದವರ ಗೋಡೆಯೂ ಅದೇ ಕಂಬದ ಸಾಲಿಗೆ ಸೇರಿದ್ದರೆ ಕೇಳಲೇಬೇಡಿ. ಪಾಪ, ಅವರ ಲೇತಿನ ತಿರುಗುವಿಕೆ ಅಳೆಯುವ ಎನ್‌ಕೋಡರ್ ತಂತಿಯಲ್ಲಿ ಓಡುವುದು ಕೆಲವೇ ವೋಲ್ಟಿನ ಸಿಗ್ನಲ್.

ಆದ್ದರಿಂದ ಮಷಿನನ್ನು ಜಾಬಿನ ಹತ್ತಿರಕ್ಕೆ ಒಯ್ಯಿರಿ. ಕ್ಲಾಂಪನ್ನು ಕಂಬದಿಂದ ಬಿಚ್ಚಿ ನೇರ ಜಾಬಿಗೇ ಹಾಕಿ. ವೆಲ್ಡ್ ಆಗುವ ಜಾಗಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಪೇಂಟು ತುಕ್ಕು ಉಜ್ಜಿ ತೆಗೆದ ಮೇಲೆ. ಎರಡೂ ಕೇಬಲ್ ಗಿಡ್ಡ ಇರಲಿ, ಒಟ್ಟಿಗೇ ನೆಲದ ಮೇಲೆ ಹೋಗಲಿ, ಮೊಳಕ್ಕೊಂದು ಕಡೆ ಟೇಪ್ ಸುತ್ತಿ. ಉಳಿದ ಕೇಬಲನ್ನು ಸುರುಳಿ ಸುತ್ತಿ ಮಷಿನ್ ಪಕ್ಕ ಇಡಬೇಡಿ, ಅದೊಂದು ಕಾಯಿಲ್ ಆಗುತ್ತದೆ. ಪಕ್ಕದವರ ಗೋಡೆಯಿಂದ ಆದಷ್ಟು ದೂರ ಇರಿ. ಬರೀ ಇಷ್ಟಕ್ಕೇ ಎಷ್ಟೋ ಜಗಳ ನಿಂತಿದ್ದನ್ನು ನೋಡಿದ್ದೇನೆ.

ಆಮೇಲೆ ಎಚ್‌ಎಫ್ ಆಫ್ ಮಾಡಿ ಲಿಫ್ಟ್ ಸ್ಟಾರ್ಟಿಗೆ ಹಾಕಿ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಕೆಲಸ ಡಿಸಿ (ಒಂದೇ ದಿಕ್ಕಿನ) ಕರೆಂಟಿನಲ್ಲೇ ಆಗುವುದರಿಂದ ಟಂಗ್ಸ್ಟನ್ನನ್ನು ಮೆಲ್ಲಗೆ ತಾಗಿಸಿ ಎತ್ತಿದರೆ ಆರ್ಕ್ ಹತ್ತುತ್ತದೆ. ಕೈ ಕೂರುವ ತನಕ ಹುಡುಗರು ಗೊಣಗುತ್ತಾರೆ, ಗೊಣಗಲಿ. ಅಲ್ಯುಮಿನಿಯಂ ಬಂದರೆ ಮಾತ್ರ ಸಾಮಾನ್ಯವಾಗಿ ಎಚ್‌ಎಫ್ ಇಲ್ಲದೆ ಆಗದು. ಅಂಥ ಜಾಬನ್ನು ಪಕ್ಕದವರ ಶಿಫ್ಟ್ ಮುಗಿದ ಮೇಲೆ ಇಟ್ಟುಕೊಳ್ಳಿ. ಗುರುವಾರ ಅವರಿಗೆ ವಾರದ ರಜೆಯಿದ್ದು ನಿಮಗೆ ಕರೆಂಟ್ ಇದ್ದರೆ ಇನ್ನೂ ಒಳ್ಳೆಯದು.

ಎಚ್‌ಎಫ್ ಇಲ್ಲದೆಯೂ ಲೇತ್ ನಿಂತರೆ ಗಲಾಟೆ ಮೇನ್ ಲೈನಿನಿಂದ ಹೋಗುತ್ತಿದೆ ಎಂದು ಹಿಡಿಯಿರಿ. ಪ್ಯಾನೆಲ್ಲಿನಿಂದ ಮಷಿನ್ನಿಗೆ ಬೇರೆಯೇ ಲೈನ್ ಎಳೆಸಿ, ಕಬ್ಬಿಣದ ಪೈಪಿನೊಳಗೆ. ಆ ಪೈಪ್ ಎಲ್ಲೂ ಕಡಿಯದೆ ಮಷಿನ್ನಿನ ಹೊರಗಿನ ತಗಡಿಗೆ ಸೇರಿರಬೇಕು. ಅದಕ್ಕೂ ಜಗ್ಗದಿದ್ದರೆ ಮೇನ್ಸ್ ಫಿಲ್ಟರ್ ಹಾಕಿಸಿ.

ಇನ್ನೊಂದು. ಏಪ್ರಿಲ್-ಮೇ ಬಂದರೆ ಸಾಕು, ಮಷಿನ್ ಬಿಸಿಯಾಗುತ್ತದೆ ಅಂತ ಸೈಡ್ ಕವರ್ ಬಿಚ್ಚಿ ಟೇಬಲ್ ಫ್ಯಾನ್ ಇಡುತ್ತಾರೆ. ಆ ತಗಡು ಸುಮ್ನೆ ಧೂಳಿಗೆ ಅಂತ ಇರುವುದಲ್ಲ. ಒಳಗಿನ ರೇಡಿಯೋ ಅಲೆ ಹೊರಗೆ ಬರದಂತೆ ತಡೆಯುವುದೂ ಅದೇ, ಒಳಗಿನ ಗಾಳಿಯನ್ನು ಸರಿಯಾದ ದಾರಿಯಲ್ಲಿ ಓಡಿಸುವುದೂ ಅದೇ. ಎಲ್ಲ ಸ್ಕ್ರೂ ಹಾಕಿ ಬಿಗಿಮಾಡಿ.

ಪಕ್ಕದವರ ಮೇಲೆ ಸಿಟ್ಟಾಗಬೇಡಿ. ವೆಲ್ಡಿಂಗ್ ಮಷಿನ್ನುಗಳ ಈ ವಿದ್ಯುತ್ ಗಲಾಟೆಯ ವಿಷಯಕ್ಕೆಂದೇ ಇರುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡು ಐಇಸಿ 60974-10. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಹುಡುಕಿ, ಸುತ್ತಮುತ್ತ ಏನೇನಿದೆ ನೋಡಿ ಕೂರಿಸುವ ಹೊಣೆ ಮಷಿನ್ ಬಳಸುವವನದು ಅಂತ ಬರೆದಿರುತ್ತದೆ. ಕ್ಲಾಸ್ ಎ ಅಂತಿದ್ದರೆ ಅದು ಮನೆಗಳ ನಡುವೆ ಬಳಸಲು ಮಾಡಿದ್ದೂ ಅಲ್ಲ.

ಪ್ರಶ್ನೆ: ಸಾಕಿನಾಕಾದಲ್ಲಿ ನಮ್ಮ ತಂದೆಯ ಫ್ಯಾಬ್ರಿಕೇಷನ್ ಗಾಲಾ ಇದೆ. ಅವರಿಗೆ ಪೇಸ್‌ಮೇಕರ್ ಕೂರಿಸಿದ್ದಾರೆ. ಮತ್ತೆ ವೆಲ್ಡಿಂಗ್ ಹೋಲ್ಡರ್ ಹಿಡಿಯುತ್ತೇನೆ ಅಂತ ಹಟ ಹಿಡಿದಿದ್ದಾರೆ. ಬಿಡಬಹುದಾ?
(ಮುಂಬೈನ ಓದುಗರು)

ಉತ್ತರ: ತಾಯೀ, ಇದಕ್ಕೆ ಹೌದು ಅನ್ನಬೇಕಾದವರು ಪೇಸ್‌ಮೇಕರ್ ಕೂರಿಸಿದ ಡಾಕ್ಟರು, ನಾನಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಪೇಸ್‌ಮೇಕರ್ ಕಾರ್ಡನ್ನೂ ವೆಲ್ಡಿಂಗ್ ಮಷಿನ್ನಿನ ಮೇಲೆ ಆಂಪಿಯರ್ ಬರೆದಿರುವ ಪ್ಲೇಟಿನ ಫೋಟೋವನ್ನೂ ಒಯ್ದು ತೋರಿಸಿ. ಎಷ್ಟು ಆಂಪಿಯರ್ ತನಕ ನಡೆಯುತ್ತದೆ ಅಂತ ಬರೆಸಿಕೊಳ್ಳಿ. ವೆಲ್ಡಿಂಗ್ ಕರೆಂಟಿನ ಕಾಂತಕ್ಷೇತ್ರವನ್ನು ಪೇಸ್‌ಮೇಕರ್ ಎದೆಬಡಿತ ಅಂದುಕೊಂಡು ತನ್ನ ಕೆಲಸ ನಿಲ್ಲಿಸಬಹುದು. ಆಗ ತಲೆ ತಿರುಗುತ್ತದೆ.

ಒಪ್ಪಿಗೆ ಸಿಕ್ಕರೂ ಕೇಬಲ್ ಹೆಗಲ ಮೇಲೆ ಹಾಕಿಕೊಳ್ಳುವ ಹಳೇ ರೂಢಿ ಬಿಡಬೇಕು. ಎರಡು ಕೇಬಲ್‌ಗಳ ನಡುವೆ ನಿಲ್ಲಬಾರದು, ಅವೆರಡೂ ಜೋಡಿಯಾಗಿ ಒಂದೇ ಬದಿಯಲ್ಲಿರಲಿ. ಆರ್ಕಿಗೂ ಎದೆಗೂ ಕಡಿಮೆಯೆಂದರೂ ಎರಡಡಿ ದೂರ, ಮಷಿನ್ ಇನ್ನೂ ಆಚೆ. ರಾಡ್ ಹತ್ತದಿದ್ದರೆ ಟಕಟಕ ಅಂತ ಬಡಿಯುತ್ತಾ ಇರಬಾರದು, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಚ್ಚಬೇಕು. ಎಚ್‌ಎಫ್ ಇರುವ ಟಿಗ್ ಹತ್ತಿರ ಹೋಗುವುದು ಬೇಡ. ಒಬ್ಬರೇ ಇರುವಾಗ ಕೆಲಸ ಬೇಡವೇ ಬೇಡ. ತಲೆ ತಿರುಗಿದರೆ ಹೋಲ್ಡರ್ ಕೆಳಗಿಟ್ಟು ದೂರ ಸರಿಯಬೇಕು, ಆ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಮಿಕ್ಕ ಹುಡುಗರು ವೆಲ್ಡಿಂಗ್ ಮಾಡುವಾಗಲೂ ಅವರ ಕುರ್ಚಿ ಕೇಬಲ್ ಹಾದಿಯಿಂದ ದೂರ ಇರಲಿ.