ಮಾಜಿ ಮೇಯರ್‌ಗೆ ಸನ್ಮಾನ ಪತ್ರ ಬರೆಯುವ ಮುನ್ನ

ಹೊಸೂರಿನಿಂದ ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ: ಒಂದೇ ವರ್ಷ ಮೇಯರ್ ಆಗಿದ್ದವರಿಗೆ ಬೆಂಗಳೂರಿನಲ್ಲಿ ಜೀವಮಾನದ ಸೇವೆಗೆಂದು ಸನ್ಮಾನ ಏಕೆ? ಅತ್ತಿಬೆಲೆ ಗಡಿಯ ಆಚೆ, ತಮಿಳುನಾಡಿನಲ್ಲಿ, ಮೇಯರ್ ಅವಧಿ ಐದು ವರ್ಷ. ಈಚೆ ಬೆಂಗಳೂರಿನಲ್ಲಿ 1976ರ ಪಾಲಿಕೆ ಕಾಯ್ದೆಯ ಪ್ರಕಾರ ವರ್ಷಕ್ಕೊಬ್ಬರು ಮೇಯರ್ ಆಗುತ್ತಿದ್ದರು, ಅದೂ ಮೀಸಲಾತಿಯ ಸರದಿಯಂತೆ. 2020ರ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕಾಯ್ದೆ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆದರೆ ಆ ವರ್ಷ ಸೆಪ್ಟೆಂಬರ್ 10ಕ್ಕೆ ಸದಸ್ಯರ ಅವಧಿ ಮುಗಿದ ಮೇಲೆ ಬಿಬಿಎಂಪಿಗೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಅದು ಐದು ಪಾಲಿಕೆಗಳಾಯಿತು.

ಆಡಳಿತದ ಅಧಿಕಾರ ಆಯುಕ್ತರದ್ದು. ಮೇಯರ್ ಸಭೆ ನಡೆಸಬೇಕು, ಬೆನ್ನು ಹತ್ತಿ ಕೆಲಸ ಮಾಡಿಸಬೇಕು. ವರ್ಷದಲ್ಲಿ ಎಷ್ಟಾದೀತು? ಹಾಗಾಗಿ ಸನ್ಮಾನ ಪತ್ರದಲ್ಲಿ ಮೇಯರ್‌ಗಿರಿಗೆ ಎರಡು ಸಾಲು ಸಾಕು. ಉಳಿದದ್ದು ವಾರ್ಡಿನ ಕೆಲಸಕ್ಕೆ ಸಲ್ಲಲಿ: ಯಾವ ಶಾಲೆಗೆ ಕೊಠಡಿ ಕಟ್ಟಿಸಿದರು, ಯಾವ ಸ್ಮಶಾನಕ್ಕೆ ಕಾಂಪೌಂಡ್ ಹಾಕಿಸಿದರು, ಅಧಿಕಾರ ಹೋದ ಮೇಲೂ ಯಾರ ಅರ್ಜಿ ಹಿಡಿದು ಕಚೇರಿ ಅಲೆದರು. ‘ಧೀಮಂತ ನಾಯಕ, ಅಭಿವೃದ್ಧಿಯ ಹರಿಕಾರ’ ಎಂಬುದು ಯಾರ ಹೆಸರಿಗಾದರೂ ಹೊಂದುತ್ತದೆ. ಹೆಸರು ಮುಚ್ಚಿ ಓದಿದರೂ ಇವರೇ ಎಂದು ಬೀದಿಯ ಜನ ಗುರುತಿಸಬೇಕು.

ಹೆಚ್ಚು ತಪ್ಪುವುದು ವಾರ್ಡ್ ಸಂಖ್ಯೆಯಲ್ಲಿ. 2007ಕ್ಕೆ ಮುಂಚೆ ಮಹಾನಗರ ಪಾಲಿಕೆಗೆ ಇದ್ದದ್ದು 100 ವಾರ್ಡ್. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆದ ಮೇಲೆ 2010ರ ಚುನಾವಣೆಗೆ 198 ಆದವು. ಹಳೆಯ ಸಂಖ್ಯೆ ಈಗ ಬೇರೆಯೇ ಬಡಾವಣೆಗೆ ಸೇರಿರಬಹುದು. ಬಡಾವಣೆಯ ಹೆಸರು, ಇಸವಿ ಎರಡನ್ನೂ ಬರೆಯಿರಿ. ಬೊಮ್ಮನಹಳ್ಳಿಯಂಥ ಕಡೆ ಮೊದಲು ಇದ್ದದ್ದು ನಗರಸಭೆ ಅಧ್ಯಕ್ಷ ಸ್ಥಾನ. ಅದನ್ನು ಮೇಯರ್ ಎಂದು ಅಚ್ಚು ಹಾಕಿಸಬಾರದು. ಠರಾವಿನ ಮಾತು ಬಂದರೆ ಸಭೆಯ ನಡಾವಳಿಯಲ್ಲಿ ದಿನಾಂಕ, ವಿಷಯ ಸಂಖ್ಯೆ ನೋಡಿಯೇ ಸೇರಿಸಿ.

ಪತ್ರ 150 ಪದ ದಾಟದಿರಲಿ, ಎರಡು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಕರಡನ್ನು ಮನೆಯವರಿಗೆ ತೋರಿಸಿ, ಇನಿಷಿಯಲ್ ಸರಿಪಡಿಸಿಕೊಂಡು ಆಮೇಲೆ ಫ್ರೇಮ್‌ಗೆ ಕೊಡಿ. ಗಡಿ ಕಡೆಯ ಹಿರಿಯರ ಹೆಸರನ್ನು ಕನ್ನಡ, ತೆಲುಗು, ತಮಿಳಿನವರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಆ ಹಿರಿಯರು ಸಹಿ ಮಾಡುವ ರೀತಿಯೇ ಸರಿ.

ವೇದಿಕೆಯಲ್ಲಿ ಹಿರಿಯರನ್ನು ಕೂರಿಸಿಯೇ ಪತ್ರ ಓದಿ. ನಂತರ ಶಾಲು, ಒಂದೇ ಹಾರ, ಮೈಸೂರು ಪೇಟ, ಫಲತಾಂಬೂಲ. ತಲೆಯ ಸುತ್ತಳತೆ ಮೊದಲೇ ಕೇಳಿ ಪೇಟ ತನ್ನಿ. ಸಡಿಲವಾದರೆ ಕೈಮುಗಿದು ಬಾಗಿದಾಗ ಕಣ್ಣಿನ ಮೇಲೆ ಜಾರುತ್ತದೆ, ಬಿಗಿಯಾದರೆ ಹಣೆ ನೋಯುತ್ತದೆ. ಹತ್ತು ಸಂಘದವರು ಹತ್ತು ಹಾರ ತಂದರೆ ಎಂಬತ್ತರ ಕೊರಳು ತಡೆಯುವುದಿಲ್ಲ. ಉಳಿದವರು ಪುಸ್ತಕ ಕೊಡಲಿ. ನಾಡಗೀತೆಗೆ ಈಗ ನಿಗದಿಯಾಗಿರುವುದು 2 ನಿಮಿಷ 30 ಸೆಕೆಂಡ್. ಅಷ್ಟು ಹೊತ್ತು ನಿಲ್ಲುವಾಗ ಹಿರಿಯರ ಹಿಂದೆಯೇ ಕೈಗಳಿರುವ ಕುರ್ಚಿ ಇರಲಿ.

ಮುಂದಿನ ಸಾಲನ್ನು ಗಣ್ಯರಿಗೇ ಬಿಡಬೇಡಿ. ಸನ್ಮಾನಿತರ ವಾರ್ಡಿನಲ್ಲಿ ದುಡಿದ ಪೌರಕಾರ್ಮಿಕರನ್ನೂ ನೀರುಗಂಟಿಯನ್ನೂ ಕರೆದು ಅಲ್ಲಿ ಕೂರಿಸಿ.