ಸಕ್ಕರೆ ಬಿಟ್ಟರೆ ಮೂತ್ರಕೋಶದ ಕ್ಯಾನ್ಸರ್ ಸೊರಗುತ್ತದೆಯೇ?

ಇಲ್ಲ. ಊಟದಲ್ಲಿ ಸಕ್ಕರೆ ಬಿಟ್ಟರೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆದರೆ ಈ ಪ್ರಶ್ನೆ ಹುಟ್ಟಲು ಕಾರಣವಿದೆ. ಅನೇಕ ಕ್ಯಾನ್ಸರ್ ಜೀವಕೋಶಗಳು ಆಮ್ಲಜನಕ ಇದ್ದರೂ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಎಂಬ ಅರ್ಧ ಉರಿದ ವಸ್ತುವಾಗಿ ಮಾಡಿ ಹೊರಹಾಕುತ್ತವೆ. 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಆಟೊ ವಾರ್‌ಬರ್ಗ್ ಗುರುತಿಸಿದ್ದು ಇದನ್ನೇ. ಹೀಗೆ ಮಾಡಿದರೆ ಒಂದು ಗ್ಲೂಕೋಸ್ ಅಣುವಿಗೆ ದಕ್ಕುವುದು ಬರೀ 2 ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು), ಪೂರ್ತಿ ಉರಿದರೆ ಸುಮಾರು 30. ನಷ್ಟದ ವ್ಯಾಪಾರ ಅನಿಸುತ್ತದೆ, ಆದರೆ ನಡುದಾರಿಯಲ್ಲಿ ಸಿಗುವ ಇಂಗಾಲವೇ ಹೊಸ ಜೀವಕೋಶಗಳ ಡಿಎನ್‌ಎ, ಕೊಬ್ಬು ಕಟ್ಟಲು ಕಚ್ಚಾವಸ್ತು.

ವಿಚಿತ್ರವೆಂದರೆ, ಈ ಸಕ್ಕರೆ ಹಸಿವನ್ನೇ ನಂಬಿ ಗೆಡ್ಡೆಯನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್ ಮೂತ್ರಕೋಶದಲ್ಲಿ ಎಡವುತ್ತದೆ: ಅದಕ್ಕಾಗಿ ದೇಹಕ್ಕೆ ಚುಚ್ಚುವ ಗ್ಲೂಕೋಸ್‌ನಂಥ ವಿಕಿರಣಶೀಲ ವಸ್ತು ಮೂತ್ರಕ್ಕೇ ಸೇರಿ, ಗೆಡ್ಡೆಯ ಜೊತೆಗೆ ಸುತ್ತಲಿನದ್ದೆಲ್ಲ ಹೊಳೆಯುತ್ತದೆ. ಅಂದಹಾಗೆ, ಈ ಕ್ಯಾನ್ಸರಿನ ಅತಿ ದೊಡ್ಡ ಅಪಾಯಕಾರಿ ಅಂಶ ಧೂಮಪಾನ. ಬಿಡುವುದಾದರೆ ಮೊದಲು ಬೀಡಿ, ಸಿಗರೇಟು ಬಿಡಿ.