ಪಲ್ಲಕ್ಕಿ ಹೊತ್ತವರು ಯಾವ ಪಂಕ್ತಿಯಲ್ಲಿ ಕೂತರು?

ಪ್ರಿಯರೇ,

ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯ ರಾಜೀನಾಮೆಯ ನೆಪದಲ್ಲಿ, ಅವರು ಹಿರಿಯ ಧರ್ಮಗುರುವಾಗಿದ್ದ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಧಿಕಾರ, ಆಡಂಬರಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಭಾಷೆ ಸರಾಗವಾಗಿದೆ, ಕನ್ನಡದಲ್ಲಿ ಈ ವಿಷಯ ಮುಟ್ಟುವವರೂ ಕಮ್ಮಿ. ಹೊಗಳಿಕೆ ಇಷ್ಟು ಸಾಕು. ಮುಂದಿನದು ಸಿಟ್ಟಿನ ಮಾತು. ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಲೇಖನ ಮಾತ್ರ ತಿದ್ದಿ.

ನನ್ನನ್ನು ಕೆರಳಿಸಿದ್ದು ಎರಡನೇ ಪುಟದ ಈ ಸಾಲು: 'ಬಿಷಪ್ಪರನ್ನು ರಾಜಕೀಯ ಪ್ರಭಾವದಿಂದ ನೇಮಿಸಲಾಗುತ್ತಿತ್ತು.' ಯಾರು ನೇಮಿಸುತ್ತಿದ್ದರು? ಯಾರ ಪ್ರಭಾವ, ಯಾರ ಮೇಲೆ? ನಿಮ್ಮ ಇಡೀ ಲೇಖನದ ಜೀವ ಇರುವುದೇ ಈ ಪ್ರಶ್ನೆಯಲ್ಲಿ. ನೀವು ಅದನ್ನು ಒಂದು 'ಲಾಗುತ್ತಿತ್ತು'ವಿನಲ್ಲಿ ಮುಗಿಸಿ ಮುಂದಕ್ಕೆ ಹೋಗಿಬಿಟ್ಟಿರಿ.

ಆ ವ್ಯವಸ್ಥೆಯ ಚಂದ ನೋಡಿ. ಎಂಟನೇ ಹೆನ್ರಿಯ ಕಾಲದ ಕಾನೂನು. ಒಂದು ಊರಿನ ಬಿಷಪ್ ಸ್ಥಾನ ತೆರವಾದರೆ ರಾಜ ಅಲ್ಲಿನ ಕೆಥೆಡ್ರಲ್‌ನ, ಅಂದರೆ ಬಿಷಪ್ಪನ ಮುಖ್ಯ ಚರ್ಚಿನ, ಹಿರಿಯ ಪಾದ್ರಿಗಳಾದ ಡೀನ್ ಮತ್ತು ಕೆನನ್‌ಗಳಿಗೆ ಪತ್ರ ಬರೆಯುತ್ತಾನೆ: ನಿಮ್ಮ ಬಿಷಪ್ಪನನ್ನು ಚುನಾಯಿಸಿಕೊಳ್ಳಲು ಅನುಮತಿ ಕೊಟ್ಟಿದ್ದೇನೆ. ಅದರ ಜೊತೆಯಲ್ಲೇ ಇನ್ನೊಂದು ಪತ್ರ: ಚುನಾಯಿಸಬೇಕಾದವನ ಹೆಸರು ಇದು. ಹೆಸರು ಒಂದೇ. ಬೇರೆಯವರನ್ನು ಆರಿಸಿದರೆ ಆಗ ಆಸ್ತಿ ಮುಟ್ಟುಗೋಲು, ಸೆರೆವಾಸ. ಆ ಶಿಕ್ಷೆ ಕಾನೂನಿನ ಪುಸ್ತಕದಿಂದ ಹೋದದ್ದು 1967ರಲ್ಲಿ. ಇನ್ನು ಕಾಲಕ್ರಮೇಣ ಹೆಸರು ಆರಿಸುತ್ತಿದ್ದವನು ರಾಜನೂ ಅಲ್ಲ, ಅವನ ಪ್ರಧಾನಿ.

1847ರ ಡಿಸೆಂಬರ್‌ನಲ್ಲಿ ಹೆರೆಫರ್ಡ್ ಊರಿನ ಬಿಷಪ್ ಸ್ಥಾನಕ್ಕೆ ಹ್ಯಾಂಪ್ಡನ್ ಎಂಬ ಪ್ರೊಫೆಸರ್‌ನ ಹೆಸರು ಬಂತು. ಅವನ ದೈವಶಾಸ್ತ್ರ ಸರಿಯಿಲ್ಲ ಎಂದು ಆಗಲೇ ಗುಲ್ಲೆದ್ದಿತ್ತು. ಅಲ್ಲಿನ ಡೀನ್ ಮೆರಿವೆದರ್ ಪ್ರಧಾನಿ ಲಾರ್ಡ್ ಜಾನ್ ರಸೆಲ್‌ಗೆ ಉದ್ದುದ್ದ ಪತ್ರ ಬರೆದು, ತನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ, ಈ ಹೆಸರಿಗೆ ಮತ ಹಾಕಲಾರೆ ಎಂದ. ರಸೆಲ್‌ನ ಉತ್ತರ ಒಂದೇ ವಾಕ್ಯ: ಕಾನೂನು ಮುರಿಯುವ ನಿಮ್ಮ ಇರಾದೆಯನ್ನು ತಿಳಿಸಿದ ಪತ್ರ ತಲುಪಿತು. ಡೀನ್ ವಿರೋಧವಾಗಿಯೇ ಮತ ಹಾಕಿದ. ಹ್ಯಾಂಪ್ಡನ್ ಬಿಷಪ್ ಆದ. ಇಂಥದ್ದೊಂದು ಪ್ರಸಂಗ ಕೈಯಲ್ಲಿದ್ದಾಗ 'ರಾಜಕೀಯ ಪ್ರಭಾವ' ಎಂಬ ಸವಕಲು ಮಾತು ಯಾಕೆ ಬೇಕು?

ಕೊನೆಯ ಪುಟದಲ್ಲೂ ಅದೇ ಚಾಳಿ: 'ಇದೇ ಮೊದಲ ಬಾರಿಗೆ ಮಹಿಳೆಯೊಬ್ಬರನ್ನು ಆಯ್ಕೆ ಮಾಡಲಾಯಿತು.' ವೆಲ್ಬಿಯ ಸ್ಥಾನಕ್ಕೆ ಸಾರಾ ಮುಲಾಲಿಯವರ ಹೆಸರು 2025ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಅವರನ್ನು ಆರಿಸಿದ ಆಯೋಗದ ಅಧ್ಯಕ್ಷರನ್ನು ನೇಮಿಸಿದ್ದು ಪ್ರಧಾನಿ. ಆ ಅಧ್ಯಕ್ಷರು ಎಂಐ5 ಬೇಹುಗಾರಿಕೆ ಸಂಸ್ಥೆಯ ಮಾಜಿ ಮುಖ್ಯಸ್ಥ ಲಾರ್ಡ್ ಇವಾನ್ಸ್. ಆಯೋಗದಿಂದ ಹೆಸರು ಪ್ರಧಾನಿಗೆ, ಪ್ರಧಾನಿಯಿಂದ ರಾಜನಿಗೆ, ರಾಜನಿಂದ ಕ್ಯಾಂಟರ್‌ಬರಿಗೆ 'ಚುನಾವಣೆ'ಗೆ. ಬರೆಯುವುದಕ್ಕೆ ಇಷ್ಟು ಇತ್ತಲ್ಲ ಸ್ವಾಮಿ!

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಕರಡು ತಿದ್ದುವ ಮೇಜಿನಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರಿಗೆ 'ಲಾಯಿತು' ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕೆಂಪು ಪೆನ್ನಿನಿಂದ ಸುತ್ತು ಹಾಕಿ ಅಂಚಿನಲ್ಲಿ 'ಯಾರು?' ಎಂದು ಬರೆಯುತ್ತಿದ್ದರು. ಪುಟ ತುಂಬ ಯಾರು, ಯಾರು, ಯಾರು. ಮಠದ ಪಟ್ಟಾಭಿಷೇಕವೋ ಜಾತ್ರೆಯೋ 'ವೈಭವದಿಂದ ಜರುಗಿತು' ಎಂಬ ವರದಿ ಬಂದರೆ, ಬರೆದವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದರು: ಮೊದಲ ಹಾರ ಯಾರ ಕೊರಳಿಗೆ ಬಿತ್ತಪ್ಪ? ಮಂತ್ರಿಯ ಕುರ್ಚಿ ಸ್ವಾಮಿಗಳ ಕುರ್ಚಿಗಿಂತ ಎಷ್ಟು ಹಿಂದಿತ್ತು? ಪಲ್ಲಕ್ಕಿ ಹೊತ್ತವರು ಊಟಕ್ಕೆ ಯಾವ ಪಂಕ್ತಿಯಲ್ಲಿ ಕೂತರು? ಉತ್ತರ ಬಾರದಿದ್ದರೆ ಬಸ್ ಚಾರ್ಜು ಮಂಜೂರಾಗುತ್ತಿರಲಿಲ್ಲ. ಅವರು ಬಾಯಿಬಿಟ್ಟು ನನ್ನನ್ನು ಮೆಚ್ಚಿಕೊಂಡ ನೆನಪಿಲ್ಲ. ಆದರೆ ಇವತ್ತಿಗೂ ಯಾರದೇ ಹಸ್ತಪ್ರತಿ ತೆರೆದರೂ ನನ್ನ ಕಣ್ಣು ಮೊದಲು ಹುಡುಕುವುದು ಆ ಸುತ್ತು ಹಾಕಬೇಕಾದ ಜಾಗಗಳನ್ನೇ.

ಅದಕ್ಕೇ ನಿಮ್ಮ 'ಕಣ್ಣು ಕೋರೈಸುವ ಅರಮನೆಗಳು' ನನಗೆ ನುಂಗಲಾರದ ತುತ್ತಾಯಿತು. ಯಾವ ಅರಮನೆ? ಡರಮ್‌ನ ಬಿಷಪ್ಪರು ವಾಸವಾಗಿದ್ದ ಆಕ್ಲೆಂಡ್ ಕ್ಯಾಸಲ್‌ನ ಊಟದ ಮನೆಗೆ ಓದುಗರನ್ನು ಕರೆದುಕೊಂಡು ಹೋಗಿ. ಅಲ್ಲಿನ ಗೋಡೆಗಳ ಮೇಲೆ ಸ್ಪೇನಿನ ಸುರ್ಬರಾನ್ ಬರೆದ ಆಳೆತ್ತರದ ಚಿತ್ರಗಳು: ಬೈಬಲ್ಲಿನ ಯಾಕೋಬ ಮತ್ತು ಅವನ ಹನ್ನೆರಡು ಗಂಡುಮಕ್ಕಳು. 1756ರಲ್ಲಿ ಬಿಷಪ್ ಟ್ರೆವರ್ ಅವನ್ನು ಹರಾಜಿನಲ್ಲಿ ಕೊಂಡ. ಹದಿಮೂರರಲ್ಲಿ ಹನ್ನೆರಡು ಸಿಕ್ಕವು, ಕಿರಿಯ ಮಗ ಬೆನ್ಯಾಮೀನನ ಚಿತ್ರ ಬೇರೆಯವರ ಪಾಲಾಯಿತು. ಗೋಡೆ ಖಾಲಿ ಬಿಡಲು ಮನಸ್ಸಾಗದೆ ಅದರ ನಕಲು ಮಾಡಿಸಿ ತೂಗುಹಾಕಿದ. ಇದು ಆಡಂಬರವೇ, ಒಪ್ಪಿದೆ. ಆದರೆ ಇದೇ ಟ್ರೆವರ್ 1753ರಲ್ಲಿ ಯಹೂದಿಗಳಿಗೆ ಪೌರತ್ವದ ದಾರಿ ತೆರೆಯುವ ಮಸೂದೆಯ ಪರವಾಗಿದ್ದವನು. ಜನ ರೊಚ್ಚಿಗೆದ್ದು ಆ ಕಾಯಿದೆ ತಿಂಗಳುಗಳಲ್ಲೇ ರದ್ದಾಯಿತು. ಅತಿಥಿಗಳು ಊಟ ಮಾಡುವಾಗಲೆಲ್ಲ ಇಸ್ರೇಲಿನ ಕುಲಪಿತರು ಗೋಡೆಯಿಂದ ನೋಡುತ್ತಿರಲಿ ಎಂದು ಅವನಿಗೆ ಅನ್ನಿಸಿತ್ತೇನೋ. ನಿಮ್ಮ 'ಕೋರೈಸುವ' ಎಂಬ ವಿಶೇಷಣದಲ್ಲಿ ಈ ಮನುಷ್ಯನಿಗೆ ಜಾಗವೇ ಇಲ್ಲ. 2011ರ ಸುಮಾರಿಗೆ ಚರ್ಚಿನ ಆಸ್ತಿ ನೋಡಿಕೊಳ್ಳುವ ಕಮಿಷನರ್‌ಗಳು ಈ ಚಿತ್ರಗಳನ್ನು ಮಾರಲು ಹೊರಟಾಗ, ಜೋನಾಥನ್ ರಫರ್ ಎಂಬ ಹೂಡಿಕೆದಾರ ಒಂದೂವರೆ ಕೋಟಿ ಪೌಂಡ್ ಕೊಟ್ಟು ಅಲ್ಲೇ ಉಳಿಸಿದ. ಇದನ್ನೂ ಹಾಕಿ.

'ಜನಸಾಮಾನ್ಯರ ಆಕ್ರೋಶ ಭುಗಿಲೆದ್ದಿತು' ಎಂಬ ಸಾಲಿಗೆ ಹೆಚ್ಚು ಹೇಳುವುದಿಲ್ಲ. 1831ರ ಅಕ್ಟೋಬರ್‌ನಲ್ಲಿ ಮತದಾನ ಸುಧಾರಣೆಯ ಮಸೂದೆ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ 41 ಮತಗಳಿಂದ ಬಿತ್ತು. ವಿರೋಧಿಸಿದವರಲ್ಲಿ 21 ಜನ ಬಿಷಪ್ಪರು. ಆ ತಿಂಗಳು ಮುಗಿಯುವುದರೊಳಗೆ ಬ್ರಿಸ್ಟಲ್‌ನಲ್ಲಿ ಬಿಷಪ್ಪನ ಅರಮನೆ ಸುಟ್ಟು ಬೂದಿಯಾಯಿತು. ಭುಗಿಲೆದ್ದದ್ದು ಅದು.

ಈಗ ವೆಲ್ಬಿ. 'ದೌರ್ಜನ್ಯಗಳನ್ನು ದಶಕಗಳ ಕಾಲ ಮುಚ್ಚಿಡಲಾಯಿತು. ಕೊನೆಗೆ ಕ್ಷಮೆ ಕೋರಲಾಯಿತು.' ಇಲ್ಲಿ 'ಲಾಯಿತು' ಬರೀ ವ್ಯಾಕರಣದ ತಕರಾರಲ್ಲ, ತಪ್ಪಿತಸ್ಥರಿಗೆ ನೀವು ಕೊಟ್ಟ ಜಾಮೀನು. ಆ ದೌರ್ಜನ್ಯ ಎಸಗಿದ ಜಾನ್ ಸ್ಮೈತ್ ಒಬ್ಬ ಬ್ಯಾರಿಸ್ಟರ್. ಅವನು ಹುಡುಗರನ್ನು ಹಿಡಿದದ್ದು ದುಬಾರಿ ಖಾಸಗಿ ಶಾಲೆಗಳ ಮಕ್ಕಳಿಗೆಂದೇ ನಡೆಸುತ್ತಿದ್ದ ಬೇಸಿಗೆ ಶಿಬಿರಗಳಲ್ಲಿ. ನಾಳೆ ದೇಶ ಆಳುವವರನ್ನು ಇಂದೇ ಕ್ರಿಸ್ತನ ಕಡೆಗೆ ಒಲಿಸಿಕೊಳ್ಳುವುದು ಆ ಶಿಬಿರಗಳ ಉದ್ದೇಶವಾಗಿತ್ತು. ಸವಲತ್ತು ಎಂಬ ನಿಮ್ಮ ವಿಷಯ ಇಲ್ಲೇ ಕೂತಿದೆ, ನೀವು ನೋಡಲೇ ಇಲ್ಲ. 1982ರಲ್ಲೇ ಒಂದು ಆಂತರಿಕ ವರದಿ ಕೆಲವು ಪಾದ್ರಿಗಳ ಕೈಯಲ್ಲಿತ್ತು. ಪೊಲೀಸರಿಗೆ ಹೋಗಲಿಲ್ಲ. ಸ್ಮೈತ್ ಜಿಂಬಾಬ್ವೆಗೆ ಹೋಗಿ ಅಲ್ಲೂ ಶಿಬಿರ ಹೂಡಿದ. 2013ರಲ್ಲಿ ವಿಷಯ ವೆಲ್ಬಿಗೆ ತಿಳಿಯಿತು. ಪೊಲೀಸರಿಗೆ ಅವರು ಔಪಚಾರಿಕವಾಗಿ ದೂರು ಕೊಡಬಹುದಿತ್ತು, ಕೊಡಬೇಕಿತ್ತು ಎಂದು 2024ರ ನವೆಂಬರ್‌ನ ಮೇಕಿನ್ ವರದಿ ಹೇಳಿತು. ಅಷ್ಟರಲ್ಲಿ ಸ್ಮೈತ್ ಸತ್ತು ಆರು ವರ್ಷ. ವೆಲ್ಬಿ ರಾಜೀನಾಮೆ ಕೊಟ್ಟದ್ದು ಆ ವರದಿಯ ಬೆನ್ನಿಗೇ.

ಆಮೇಲಿನ ದೃಶ್ಯವನ್ನಂತೂ ನೀವು ಪೂರ್ತಿ ಬಿಟ್ಟಿದ್ದೀರಿ. ಲಾರ್ಡ್ಸ್ ಸಭೆಯಲ್ಲಿ 26 ಬಿಷಪ್ಪರಿಗೆ ಸ್ಥಾನ ಉಂಟು, ಕ್ಯಾಂಟರ್‌ಬರಿಯವರಿಗೆ ಪದವಿಯ ಜೊತೆಗೇ ಬರುತ್ತದೆ. ಡಿಸೆಂಬರ್ 5ರಂದು ವೆಲ್ಬಿ ಅಲ್ಲಿ ಬೀಳ್ಕೊಡುಗೆಯ ಭಾಷಣ ಮಾಡಿದರು. ರಾಜೀನಾಮೆಯಿಂದಾಗಿ ತಮ್ಮ ಕಾರ್ಯಕ್ರಮಗಳ ಪಟ್ಟಿ ನೋಡಿಕೊಳ್ಳುವ ಸಿಬ್ಬಂದಿಗಾದ ಪೇಚಾಟದ ಬಗ್ಗೆ ತಮಾಷೆ ಮಾಡಿದರು. 1381ರ ರೈತ ದಂಗೆಯಲ್ಲಿ ತಲೆ ಕಳೆದುಕೊಂಡ ತಮ್ಮ ಪೂರ್ವಾಧಿಕಾರಿಯನ್ನು ನೆನೆದು ಇನ್ನೊಂದು ಚಟಾಕಿ ಹಾರಿಸಿದರು. ಸಭೆ ನಕ್ಕಿತು. ಸಂತ್ರಸ್ತರು ಸಿಡಿದೆದ್ದ ಮೇಲೆ ಮರುದಿನ ಕ್ಷಮೆ ಕೇಳಿದರು. ನಿಮ್ಮ ಲೇಖನ ಶುರುವಾಗಬೇಕಾದದ್ದು ಆ ನಗುವಿನಿಂದ.

'ನಮ್ಮಲ್ಲೂ ಹೀಗೇ' ಎಂಬ ಕೊನೆಯ ಪ್ಯಾರಾ ಹೊಡೆದುಹಾಕಿದ್ದೇನೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಒಂದು ಕಾಲಕ್ಕೆ ಆಂಗ್ಲಿಕನ್ ಹೌದು. ಆದರೆ 1947ರಿಂದ ಅದು ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿದ್ದು. ಅಲ್ಲಿ ಬಿಷಪ್ಪರ ಹೆಸರು ಕಳಿಸಲು ರಾಜನೂ ಇಲ್ಲ, ಪ್ರಧಾನಿಯೂ ಇಲ್ಲ. ಅಲ್ಲಿನ ರಾಜಕೀಯ ಬೇರೆ, ಅದಕ್ಕೆ ಬೇರೆ ಲೇಖನ ಬೇಕು.

ತಿದ್ದಿದ ಪ್ರತಿಯನ್ನು ತಿಂಗಳ ಕೊನೆಯೊಳಗೆ ಯೂನಿಕೋಡ್‌ನಲ್ಲಿ ಕಳಿಸಿ. ಪಿಡಿಎಫ್ ಬೇಡ, ಈ ಸಲದ್ದರಲ್ಲಿ ಅರ್ಧ ಒತ್ತಕ್ಷರಗಳು ದಾರಿಯಲ್ಲೇ ಉದುರಿಹೋಗಿದ್ದವು.

ಇತಿ,
ಸಂಪಾದಕ